ಸತ್ತ ದಿನವೇ ಹಬ್ಬ

ಕ್ಯಾಥೊಲಿಕ್ ಪಂಚಾಂಗದಲ್ಲಿ ಸಂತರ ಹಬ್ಬ ಸಾಮಾನ್ಯವಾಗಿ ಬೀಳುವುದು ಅವರು ಹುಟ್ಟಿದ ದಿನಕ್ಕಲ್ಲ, ತೀರಿಕೊಂಡ ದಿನಕ್ಕೆ. ಸ್ವರ್ಗದಲ್ಲಿ ಹುಟ್ಟಿದ್ದು ಅಂದೇ ಎಂಬ ಲೆಕ್ಕ. ಭೂಮಿಯ ಮೇಲಿನ ಹುಟ್ಟುಹಬ್ಬವೂ ಸಿಕ್ಕಿರುವುದು ಮಾತೆ ಮರಿಯಳಿಗೆ (ಸೆಪ್ಟೆಂಬರ್ 8, ನಮ್ಮ ಕರಾವಳಿಯ ಮೊಂತಿ ಫೆಸ್ತ್), ಸ್ನಾನಿಕ ಯೊವಾನ್ನನಿಗೆ (ಜೂನ್ 24).

ಆದರೆ ಸಾವು ಮುಹೂರ್ತ ನೋಡಿ ಬರುತ್ತದೆಯೇ? ಥಾಮಸ್ ಅಕ್ವಿನಾಸ್ ತೀರಿಕೊಂಡದ್ದು 1274ರ ಮಾರ್ಚ್ 7ರಂದು. ಮಹಾ ಗ್ರೆಗೊರಿ 604ರ ಮಾರ್ಚ್ 12ರಂದು. ಬೆನೆಡಿಕ್ಟರ ದಿನ ಮಾರ್ಚ್ 21. ಹೆಚ್ಚಿನ ವರ್ಷ ಮೂರೂ ತಪಸ್ಸುಕಾಲದ ಉಪವಾಸದ ನಡುವೆ! 1969ರಲ್ಲಿ ಪೋಪ್ ಆರನೇ ಪೌಲ್ ಪಂಚಾಂಗ ಪರಿಷ್ಕರಿಸಿದಾಗ ಮೂವರಿಗೂ ಎತ್ತಂಗಡಿಯಾಯಿತು. ಅಕ್ವಿನಾಸ್ ಜನವರಿ 28ಕ್ಕೆ, ಬೆನೆಡಿಕ್ಟ್ ಜುಲೈ 11ಕ್ಕೆ, ಗ್ರೆಗೊರಿ ತಾವು ಪೋಪ್ ಆಗಿ ಅಭಿಷಿಕ್ತರಾದ ಸೆಪ್ಟೆಂಬರ್ 3ಕ್ಕೆ. ಕ್ರಿಸ್ಮಸ್ಸಿನ ಹೊಸ್ತಿಲಲ್ಲಿ, ಡಿಸೆಂಬರ್ 21ಕ್ಕೆ ಇದ್ದ ಅಪೊಸ್ತಲ ತೋಮನೂ ಜುಲೈ 3ಕ್ಕೆ ಬಂದ. ಕೇರಳದ ಸಿರಿಯನ್ ಕ್ರೈಸ್ತರಿಗೆ ಅದು ಹಳೆಯ ದಿನವೇ.

1962ರ ಪಂಚಾಂಗದಂತೆ ಲ್ಯಾಟಿನ್ ಪೂಜೆ ನಡೆಸುವವರು ಇಂದಿಗೂ ಹಳೆಯ ತಾರೀಖುಗಳನ್ನು ಬಿಟ್ಟಿಲ್ಲ. ನನಗೆ ಆ ಹಠ ಇಷ್ಟವೇ. ಉಪವಾಸದ ನಡುವೆ ಒಬ್ಬ ಸಂತನ ನೆನಪು ಬಂದರೆ ಉಪವಾಸವೇನೂ ಕೆಡುವುದಿಲ್ಲ.

ಊರ ಜನ ಮಾತ್ರ ಎರಡೂ ಪಂಚಾಂಗಕ್ಕೆ ಜಗ್ಗುವವರಲ್ಲ. ಸಂತ ಲಾರೆನ್ಸರ ಹಬ್ಬ ಹಳತರಲ್ಲೂ ಹೊಸತರಲ್ಲೂ ಆಗಸ್ಟ್ 10ಕ್ಕೇ ಇದೆ (ಆಟಿಯ ಮಳೆಯಲ್ಲಿ ಜಾತ್ರೆ ಯಾರಿಗೆ ಬೇಕು!). ಕಾರ್ಕಳದ ಅತ್ತೂರಿನಲ್ಲಿ ಅವರ ಜಾತ್ರೆ ನಡೆಯುವುದು ಜನವರಿಯಲ್ಲಿ.