ಸುಣ್ಣ, ಕೆಮ್ಮಣ್ಣು, ಕೌದಿ

ಮನೆಯನ್ನು ಸಿಂಗರಿಸುವುದು ನನಗೆ ಬಹುಕಾಲದಿಂದ ಅಂಟಿಬಂದ ಪ್ರೀತಿ. ಕೈಯಲ್ಲಿ ಹಣವಿಲ್ಲದ ಸಂಸಾರದಲ್ಲಿ ಬೆಳೆದವರಿಗೆ ಇಂಥ ಪ್ರೀತಿ ಹೇಗೆ ಹುಟ್ಟಿತೆಂದು ಕೆಲವರು ಆಶ್ಚರ್ಯಪಡುವುದುಂಟು. ನನಗಾದರೋ ಅದು ಹುಟ್ಟತಕ್ಕ ಸ್ಥಳವೇ ಅಂಥ ಸಂಸಾರವೆಂದು ತೋರುತ್ತದೆ. ಸಿರಿವಂತರ ಮನೆಯ ಅಲಂಕಾರವು ಗೃಹಪ್ರವೇಶದ ಹೊತ್ತಿಗೆ ಮುಗಿದುಹೋಗಿರುತ್ತದೆ; ಅಮೃತಶಿಲೆಯನ್ನು ಹಾಸಿ, ತೇಗದ ಹಲಗೆಗಳನ್ನು ಹೊದಿಸಿ ಕೆಲಸಗಾರರು ಹೊರಟುಹೋದ ಮೇಲೆ ಆ ಚೆಲುವಿನಲ್ಲಿ ಮನೆಯವರು ಮಾಡಬೇಕಾದುದು ಏನೂ ಉಳಿಯುವುದಿಲ್ಲ. ಅಲ್ಪವ್ಯಯದ ಅಲಂಕಾರಕ್ಕೆ ಅಂಥ ಮುಕ್ತಾಯವೆಂಬುದಿಲ್ಲ. ಅದು ಮಾಸುತ್ತದೆ, ಅಳಿಯುತ್ತದೆ, ಹರಿಯುತ್ತದೆ, ಬಾಡುತ್ತದೆ. ಆದುದರಿಂದಲೇ ನಮ್ಮ ಕೈಯಿಂದ ಮತ್ತೆ ಮತ್ತೆ ಮಾಡಿಸಿಕೊಳ್ಳುತ್ತದೆ. ಹಾಗೆ ಮಾಡಿಸಿಕೊಳ್ಳುತ್ತ ಮನೆಗೂ ಮನೆಯವರಿಗೂ ನಡುವಣ ನಂಟನ್ನು ಹಳಸಗೊಡದೆ ಕಾಯುತ್ತದೆ. ಅಗ್ಗದ ಅಲಂಕಾರದ ನಿಜವಾದ ಐಶ್ವರ್ಯ ಈ ಪುನರ್ನವತೆಯಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕೆ ಮೊದಲ ಸಾಕ್ಷಿ ಸುಣ್ಣ. ಸುಟ್ಟ ಸುಣ್ಣದ ಕಲ್ಲುಗಳನ್ನು ನೀರಿನಲ್ಲಿ ಹಾಕಿದೊಡನೆ ಅವು ಕೊತಕೊತನೆ ಕುದಿದು, ಆವಿಯೆಬ್ಬಿಸಿ, ಒಡೆದು ಅರಳುವುದನ್ನು ದೂರದಲ್ಲಿ ನಿಂತು ನೋಡುವುದೇ ಒಂದು ಸಂಭ್ರಮ. ಅರಳಿದ ಸುಣ್ಣವನ್ನು ಒಂದೆರಡು ದಿನ ನೀರಿನಲ್ಲಿ ನೆನೆಯಗೊಟ್ಟು, ಹಳೆಯ ಪಂಚೆಯಲ್ಲಿ ಸೋಸಿ, ಕೈಗೆ ಹತ್ತದಿರಲೆಂದು ಸ್ವಲ್ಪ ಅಂಟನ್ನೂ, ಬಿಳುಪಿನಲ್ಲಿ ಹಳದಿಯ ಛಾಯೆ ಸುಳಿಯದಿರಲೆಂದು ಚಿಟಿಕೆ ನೀಲಿಯನ್ನೂ ಕಲಸಿದರೆ, ಒಂದು ಮನೆಯ ಗೋಡೆಗಳಿಗೆಲ್ಲ ಬೇಕಾದ ಶೋಭೆ ಬಕೆಟ್ಟಿನಲ್ಲಿ ಸಿದ್ಧವಾದಂತೆ. ಬಳಿಯುವ ಮುನ್ನ ಗೋಡೆಯನ್ನು ನೀರಿನಿಂದ ತೋಯಿಸಬೇಕು. ಒಣಗೋಡೆಯು ಸುಣ್ಣದ ನೀರನ್ನು ಗಕ್ಕನೆ ಹೀರಿಬಿಟ್ಟರೆ ಬಣ್ಣ ನಿಲ್ಲದೆ ಹುಡಿಯಾಗಿ ಉದುರುತ್ತದೆ. ‘ದಪ್ಪಗೆ ಒಂದು ಸಲ ಬೇಡ, ತೆಳ್ಳಗೆ ಮೂರು ಸಲ ಬಳಿಯಪ್ಪ’ ಎಂದು ನಮ್ಮ ಬೀದಿಯಲ್ಲಿ ಸುಣ್ಣ ಹೊಡೆಯುತ್ತಿದ್ದ ವೃದ್ಧರೊಬ್ಬರು ಹೇಳಿಕೊಟ್ಟ ಸೂತ್ರವನ್ನು ನಾನು ಇಂದಿಗೂ ಪಾಲಿಸುತ್ತೇನೆ. ಆ ಸೂತ್ರದ ಹಿಂದಿರುವ ಪ್ರಕೃತಿಯ ವ್ಯಾಪಾರವನ್ನು ತಿಳಿದಾಗ ನನ್ನ ಪ್ರೀತಿ ಇಮ್ಮಡಿಸಿತು. ಗೂಡಿನಲ್ಲಿ ಸುಡುವಾಗ ಸುಣ್ಣದ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಗೋಡೆಯ ಮೇಲೆ ತೆಳುವಾಗಿ ಹರಡಿಕೊಂಡಾಗ ಅದನ್ನೇ ಗಾಳಿಯಿಂದ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಬಳಿದ ಗಳಿಗೆಯಲ್ಲಿ ನೀರುನೀರಾಗಿ ಕಂಡ ಗೋಡೆ ಒಣಗುತ್ತ ಬಂದಂತೆ ಬೆಳ್ಳಗೆ ಬೆಳಗುವುದನ್ನು ಕಂಡವರು, ಯುಗಾದಿಗೋ ದೀಪಾವಳಿಗೋ ವರ್ಷಕ್ಕೊಮ್ಮೆ ಒದಗುವ ಈ ಕೆಲಸವನ್ನು ಹೊರೆಯೆಂದು ಎಣಿಸಲಾರರು.

ಬಿಳಿಯ ಗೋಡೆಯ ಬುಡಕ್ಕೆ ಮೊಣಕಾಲೆತ್ತರದ ಕೆಮ್ಮಣ್ಣಿನ ಪಟ್ಟೆಯೊಂದನ್ನು ಎಳೆದರೆ ಕೋಣೆಯ ಮುಖವೇ ಬೇರೆಯಾಗುತ್ತದೆ. ಕಾಲಿನ ಧೂಳೂ ಮಳೆಯ ಎರಚಲೂ ಆ ಕೆಂಪಿನಲ್ಲಿ ಅಡಗಿಹೋಗುವುದರಿಂದ ಸೊಗಸು ಉಪಯೋಗಗಳೆರಡೂ ಅಲ್ಲಿ ಕೂಡಿಕೊಳ್ಳುತ್ತವೆ. ಸಾಗರ, ಸೊರಬಗಳ ಸುತ್ತಿನ ದೀವರ ಹೆಂಗಸರು ಈ ಕೆಮ್ಮಣ್ಣಿನಿಂದಲೇ ಎಂತಹ ಕಲೆಯನ್ನು ಬೆಳೆಸಿದ್ದಾರೆಂಬುದನ್ನು ಹಸೆ ಚಿತ್ತಾರವನ್ನು ಕಂಡವರು ಬಲ್ಲರು. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಪುಂಡಿಯ ನಾರಿನ ಕುಂಚದಿಂದ ಕೂದಲೆಳೆಯಷ್ಟು ಸಪೂರವಾದ ಗೆರೆಗಳನ್ನು ಎಳೆದೆಳೆದು ಅವರು ಮಂಟಪವನ್ನೇ ನಿಲ್ಲಿಸುತ್ತಾರೆ. ಬಿಳುಪು ಅರೆದ ಅಕ್ಕಿಯದು, ಕಪ್ಪು ಹುರಿದು ಕರಿಕಾದ ಅಕ್ಕಿಯದು, ಹಳದಿ ಗುರಿಗೆಯ ಕಾಯಿಯದು. ಅಂಗಡಿಯಿಂದ ತರಬೇಕಾದುದು ಬಹುಮಟ್ಟಿಗೆ ಏನೂ ಇಲ್ಲ. ಭೂಮಿ ಹುಣ್ಣಿಮೆಯ ದಿನ ಹೊಲಕ್ಕೆ ಎಡೆಯನ್ನು ಹೊತ್ತೊಯ್ಯುವ ಬಿದಿರಿನ ಬುಟ್ಟಿಗೂ ಇದೇ ಚಿತ್ತಾರದ ಭಾಗ್ಯ ಒದಗುತ್ತದೆ. ಮಣ್ಣು, ಅಕ್ಕಿ, ನಾರುಗಳಲ್ಲಿ ಇಷ್ಟು ಗಾಂಭೀರ್ಯವುಳ್ಳ ಸೌಂದರ್ಯವು ಸಾಧ್ಯವಾಗಿರುವಾಗ, ಹಣವಿಲ್ಲದೆ ಚೆಲುವಿಲ್ಲವೆಂಬ ಮಾತಿಗೆ ಏನು ಬೆಲೆ?

ನೆಲದ ವಿಚಾರಕ್ಕೆ ಬಂದರೆ, ಹಳೆಯ ಮೈಸೂರಿನ ಮನೆಗಳ ಕೆಂಪು ನೆಲವನ್ನು ಮೀರಿಸಿದ್ದನ್ನು ನಾನು ಕಾಣೆ. ಸಿಮೆಂಟಿನೊಡನೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಬೆರೆಸಿ, ಕರಣೆಯಿಂದ ಒತ್ತಿ ಒತ್ತಿ ನುಣುಪುಗೊಳಿಸಿ, ಹಲವು ದಿನ ನೀರು ಕಟ್ಟಿ ಹದ ಮಾಡಿದ ಆ ನೆಲಕ್ಕೆ ಮೊದಲಲ್ಲಿ ಅಂತಹ ಕಾಂತಿಯೇನೂ ಇರುವುದಿಲ್ಲ. ದಿನವೂ ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಆಗೀಗ ನಾಲ್ಕು ಹನಿ ತೆಂಗಿನೆಣ್ಣೆಯನ್ನು ಉಂಡು, ಮಕ್ಕಳ ಅಂಬೆಗಾಲನ್ನೂ ಹಿರಿಯರ ಬರಿಗಾಲನ್ನೂ ವರ್ಷಗಟ್ಟಲೆ ತಾಳಿಕೊಂಡ ಮೇಲೆ ಅದು ಕಿಟಕಿಯ ಬೆಳಕನ್ನು ತನ್ನಲ್ಲಿ ಪ್ರತಿಫಲಿಸತೊಡಗುತ್ತದೆ. ಬಳಕೆಯಿಂದ ಸವೆಯುವ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ; ಬಳಕೆಯಿಂದಲೇ ಚೆಲುವಾಗುವ ವಸ್ತುಗಳು ವಿರಳ. ಹೊಸ್ತಿಲಿನಾಚೆಯ ರಂಗೋಲಿಯ ಧರ್ಮವೋ ಇದಕ್ಕೆ ತೀರ ವಿರುದ್ಧವಾದುದು: ಬೆಳಗ್ಗೆ ಚುಕ್ಕಿಯಿಟ್ಟು ಎಳೆಯೆಳೆದದ್ದು ಸಂಜೆಗೆ ಇರುವೆಗಳಿಗೂ ಹಾದುಹೋಗುವವರ ಪಾದಗಳಿಗೂ ಸಂದುಹೋಗುತ್ತದೆ. ಬರೆದವಳು ಅದಕ್ಕಾಗಿ ಮರುಗುವುದಿಲ್ಲ. ನಾಳೆಯ ಅಂಗಳಕ್ಕೆ ಯಾವ ಬಳ್ಳಿಯನ್ನು ಹಬ್ಬಿಸಬೇಕೆಂಬ ಯೋಚನೆ ಆಗಲೇ ಅವಳ ಬೆರಳುಗಳಲ್ಲಿ ಮೊಳೆತಿರುತ್ತದೆ.

ಇನ್ನು ಬಟ್ಟೆ. ಬಡವರ ಮನೆಯಲ್ಲಿ ಬಟ್ಟೆಗೆ ಮರಣವಿಲ್ಲ. ಜನ್ಮಾಂತರಗಳು ಮಾತ್ರ ಉಂಟು. ಉಟ್ಟು ಸವೆದ ಇಳಕಲ್ಲ ಸೀರೆಯ ಒಡಲು ಹರಿದರೂ ಅದರ ಅಂಚೂ ತೋಪು ತೆನೆಯ ಸೆರಗೂ ಗಟ್ಟಿಯಾಗಿಯೇ ಉಳಿದಿರುತ್ತವೆ. ಅವನ್ನು ಬಿಡಿಸಿ ಬಿಳಿಯ ಹತ್ತಿಬಟ್ಟೆಗೆ ಜೋಡಿಸಿ ಪಡುವಣ ಕಿಟಕಿಗೆ ಪರದೆಯಾಗಿ ಇಳಿಬಿಟ್ಟರೆ, ಇಳಿಹೊತ್ತಿನ ಬಿಸಿಲು ಕೋಣೆಯೊಳಕ್ಕೆ ಕೆಂಪಾಗಿ ಬಂದು ಕೂರುತ್ತದೆ. ಅದಕ್ಕೂ ಒದಗದ ಚಿಂದಿಗಳು ಕೌದಿಗೆ ಸಲ್ಲುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಸಣ್ಣ ಸಣ್ಣ ಹೊಲಿಗೆಗಳಿಂದ ಒಂದುಗೂಡಿಸಿದ ಕೌದಿಗಳು ಚಳಿಗೆ ಹೊದಿಕೆಯೂ ಹೌದು, ಬಂದವರಿಗೆ ಹಾಸುಗೆಯೂ ಹೌದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತಿ ಸುತ್ತಿ ನಡುವಿಗೆ ಸಾಗುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಬಣ್ಣದ ತುಂಡುಗಳ ಹೂವನ್ನಿಡದೆ ಕೌದಿಯನ್ನು ಮುಗಿಯಿತೆನ್ನುವುದಿಲ್ಲ. ನಮ್ಮ ಮನೆಯ ಹಳೆಯ ಮರದ ಬೆಂಚಿನ ಮೇಲೆ ಹಾಸಿರುವ ಕೌದಿಯಲ್ಲಿ ನನ್ನ ಅಜ್ಜಿಯ ಮಡಿಸೀರೆಯೂ, ಅಕ್ಕನ ಶಾಲೆಯ ಲಂಗವೂ ಪಕ್ಕಪಕ್ಕದಲ್ಲಿ ಕುಳಿತಿವೆ. ಯಾವ ಅಂಗಡಿಯಲ್ಲಿ, ಎಷ್ಟು ದುಡ್ಡು ಕೊಟ್ಟರೆ ಇಂಥ ಹಾಸು ದೊರೆತೀತು?

ಚಿತ್ರಗಳ ವಿಷಯದಲ್ಲಿಯೂ ನಮ್ಮ ಹಿರಿಯರು ಇದೇ ಮಾರ್ಗದಲ್ಲಿ ನಡೆದವರು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಬಳಸಿ ಲಕ್ಷ್ಮೀ ಸರಸ್ವತಿಯರ ಚಿತ್ರಗಳನ್ನು ಅಚ್ಚುಹಾಕಿಸಿದಂದಿನಿಂದ, ಅರಮನೆಗೆ ಮೀಸಲಾಗಿದ್ದ ಭಾಗ್ಯ ಸಾಮಾನ್ಯರ ನಡುಮನೆಗೂ ಇಳಿದುಬಂದಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರ ತೈಲಚಿತ್ರಗಳಿವೆಯೋ ಅದೇ ಕಲಾವಿದನ ದೇವತೆಯರು ಗುಮಾಸ್ತೆಯ ಗೋಡೆಯ ಮೇಲೂ ನೆಲಸಿದರು. ಹಾಗೆ ಬಂದ ಅಚ್ಚಿನ ಪಟವನ್ನು ಕೆಲವು ಮನೆಗಳ ಹೆಂಗಸರು ಇದ್ದಂತೆಯೇ ತೂಗುಹಾಕಲಿಲ್ಲ. ದೇವಿಯ ಸೀರೆಗೆ ರೇಷ್ಮೆಯ ಚೂರನ್ನೂ ಜರಿಯನ್ನೂ, ಆಭರಣಗಳಿಗೆ ಚಮಕಿಯನ್ನೂ ಮಣಿಯನ್ನೂ ಅಂಟಿಸಿ, ಆಮೇಲೆ ಕಟ್ಟು ಹಾಕಿಸಿದರು. ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದ ಚಿತ್ರ ಹೀಗೆ ಆ ಮನೆಯೊಂದರದೇ ಆಯಿತು.

ಈ ವಿದ್ಯೆಗಳೆಲ್ಲವೂ ಒಟ್ಟುಗೂಡಿ ಬೆಳಗುವ ಕಾಲ ನವರಾತ್ರಿ. ಟ್ರಂಕುಗಳು, ಮಣೆಗಳು, ಬೆಂಚುಗಳು ಒಂದರ ಮೇಲೊಂದೇರಿ, ಒಗೆದ ಬಿಳಿಯ ಪಂಚೆಯನ್ನು ಹೊದ್ದು ಮೆಟ್ಟಿಲುಗಳಾಗುತ್ತವೆ. ಮೇಲೆ ಪಟ್ಟದ ಬೊಂಬೆಗಳು, ಕೆಳಗೆ ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಬೊಂಬೆಗಳು. ವಾರದ ಮುಂಚೆಯೇ ತಟ್ಟೆಯ ಮಣ್ಣಿನಲ್ಲಿ ಚೆಲ್ಲಿದ ರಾಗಿ, ಸಾಸಿವೆಗಳು ಮೊಳೆತು ಹಸಿರು ಗದ್ದೆಯಾಗುತ್ತವೆ. ಅಂಚು ಒಡೆದ ಕನ್ನಡಿ ಮರಳಿನ ನಡುವೆ ಕೊಳವಾಗುತ್ತದೆ. ಮನೆಯಲ್ಲಿರುವುದನ್ನೇ ಹೊಸ ಕಣ್ಣಿನಿಂದ ಕಂಡು ಹೊಸ ಪದವಿಗೇರಿಸುವ ಈ ಕೌಶಲವನ್ನು ನಾನು ಕಲಿತದ್ದು ಬೊಂಬೆಗಳ ಮುಂದೆ ಕುಳಿತೇ.

ನಗರಗಳಲ್ಲಿ ಇಂದು ಬಾಡಿಗೆಯ ಮನೆಗಳಲ್ಲಿ ಬಾಳುತ್ತಿರುವ ತರುಣ ದಂಪತಿಗಳು, ಗೋಡೆಗೆ ಮೊಳೆ ಹೊಡೆಯಲೂ ಸ್ವಾತಂತ್ರ್ಯವಿಲ್ಲದಲ್ಲಿ ಅಲಂಕಾರವೆಲ್ಲಿ ಬಂತೆಂದು ಕೇಳುವುದುಂಟು. ಅವರಿಗೆ ನಾನು ಹೇಳಬಯಸುವುದಿಷ್ಟೆ. ಗೋಡೆ, ನೆಲಗಳು ಮಾಲೀಕರವು. ಇಂದಲ್ಲ ನಾಳೆ ಅವನ್ನು ಬಿಟ್ಟು ಹೊರಡಲೇಬೇಕು. ಆದರೆ ಹಳೆಯ ಸೀರೆಯಿಂದ ಪರದೆಯನ್ನು ಮೂಡಿಸುವ ಕಣ್ಣು, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ಚೆಂಬಿನಲ್ಲಿ ಬೇಲಿಯ ಹೂವನ್ನೂ ಹುಲ್ಲಿನ ತೆನೆಯನ್ನೂ ನಿಲ್ಲಿಸುವ ಕೈ, ಹೊಸ್ತಿಲಿನ ಮುಂದೆ ನಾಲ್ಕು ಎಳೆ ಎಳೆದಲ್ಲದೆ ದಿನವನ್ನು ತೊಡಗಲೊಲ್ಲದ ಮನಸ್ಸು, ಇವಕ್ಕೆ ಕರಾರುಪತ್ರವಿಲ್ಲ, ಬಾಡಿಗೆಯಿಲ್ಲ. ಕೊಂಡು ತಂದ ಸೊಬಗನ್ನು ಮನೆ ಬದಲಾಯಿಸುವಾಗ ಲಾರಿಯ ಮೇಲೆ ಹೇರಬೇಕಾಗುತ್ತದೆ. ಮಾಡಿ ಕಲಿತ ಸೊಬಗು ನಮಗಿಂತ ಮುಂಚೆಯೇ ಹೊಸ ಮನೆಯನ್ನು ಹೊಕ್ಕು ಕೆಲಸಕ್ಕೆ ತೊಡಗಿರುತ್ತದೆ. ಅಂತಹ ಸೊಬಗನ್ನು ಸಂಪಾದಿಸುವುದಕ್ಕೆ ಸಣ್ಣ ಸಂಬಳವು ಅಡ್ಡಿಯಲ್ಲ. ನಾನು ಕಂಡಂತೆ ಅದೇ ಅದರ ಮೊದಲ ಗುರು.