ನಾನೇ ಕೆಡಿಸಿದ ಪಿಯಾನೋ

ಮಕ್ಕಳೇ, ಗಣೇಶನ ಹಬ್ಬಕ್ಕೆ ಹಾಕುವ ಬಣ್ಣದ ದೀಪಗಳ ಹಳೆಯ ಸರ ನೋಡಿದ್ದೀರಾ? ಒಂದು ಬಲ್ಬು ಸುಟ್ಟರೆ ಇಡೀ ಸರವೇ ಆರಿಹೋಗುತ್ತದೆ. ಅವುಗಳದು ಸರಣಿ ಜೋಡಣೆ. ಈ ಪಾಠವನ್ನು ನೂರು ಸಲ ಹೇಳಿರುವ ನಾನೇ ಹಿಂದೊಮ್ಮೆ ಒಂದು ಪಿಯಾನೋವನ್ನು ಇಂಥ ಸರ ಮಾಡಿಬಿಟ್ಟಿದ್ದೆ.

ಅದು ನಮ್ಮೂರಿನ ಸಂಗೀತದ ಮೇಷ್ಟ್ರದು. 1970ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ರೋಡ್ಸ್ ವಿದ್ಯುತ್ ಪಿಯಾನೋ. ಅಲ್ಲಿದ್ದ ಅವರ ಅಣ್ಣ ತಂದುಕೊಟ್ಟದ್ದು. ಹೆರಾಲ್ಡ್ ರೋಡ್ಸ್ ಎಂಬ ಪಿಯಾನೋ ಶಿಕ್ಷಕರು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಾಯಗೊಂಡು ಹಾಸಿಗೆ ಹಿಡಿದ ಸೈನಿಕರಿಗಾಗಿ ವಿಮಾನದ ಅಲ್ಯೂಮಿನಿಯಂ ಕೊಳವೆಗಳಿಂದ ಪುಟ್ಟ ಪಿಯಾನೋ ಮಾಡಿದ್ದರು. ಮುಂದೆ ಈ ವಾದ್ಯವನ್ನು ರೂಪಿಸಿದವರೂ ಅವರೇ.

ಹಾರ್ಮೋನಿಯಂನಂತೆ ಇದಕ್ಕೂ ಬಿಳಿ, ಕರಿ ಮನೆಗಳು, 70ಕ್ಕೂ ಹೆಚ್ಚು. ಒಂದು ಮನೆ ಒತ್ತಿದರೆ ಒಳಗೆ ಪುಟ್ಟ ಸುತ್ತಿಗೆ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಕಡ್ಡಿ ಶ್ರುತಿಕವೆಯಂತೆ ಕಂಪಿಸುತ್ತದೆ. ಅದರ ತುದಿಯ ಮುಂದೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ತಾಮ್ರದ ತಂತಿಯ ಸುರುಳಿ. ಕಡ್ಡಿ ಅಲುಗಿದಂತೆಲ್ಲ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಸಂಗತಿಯೇ ಇದು. ಆ ಅಲ್ಪ ವಿದ್ಯುತ್ತನ್ನು ಹೊರಗಿನ ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಮೇಷ್ಟ್ರ ಪಿಯಾನೋದೊಳಗೆ ಗೋಡೆಯ ಪ್ಲಗ್ಗಿನ 230 ವೋಲ್ಟ್ ಬರುವುದೇ ಇಲ್ಲ. (ಹಾಗೆಂದು ನೀವು ಮನೆಯ ಟಿ.ವಿ. ಬಿಚ್ಚಲು ಹೋಗಬೇಡಿ!)

2003ರಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಬಂದ ಹೊಸತು. ಸದ್ದು ಸಣ್ಣದೆಂದು ಮೇಷ್ಟ್ರು ಒಮ್ಮೆ ಅಂದರು. ಬಿಚ್ಚಿ ನೋಡಿದೆ. ಮೂರು ಮೂರು ಸುರುಳಿಗಳನ್ನು ಸಮಾಂತರವಾಗಿ ಕೂಡಿಸಿ, ಆ ಗುಂಪುಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಒಂದು ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ ಪಕ್ಕದ ಎರಡರಲ್ಲೂ ಹರಿದು, ಹೊರಗೆ ಸಿಗುವ ವೋಲ್ಟೇಜ್ ಸುಮಾರು ಮೂರನೇ ಒಂದು ಭಾಗ. ಇದೇನು ದಂಡ ಎನಿಸಿತು! ಎಲ್ಲವನ್ನೂ ಸರಣಿಗೆ ಬದಲಿಸತೊಡಗಿದೆ. ಹೊತ್ತಾಯಿತೆಂದು ಕೊನೆಯ ಮೂರು ಗುಂಪುಗಳನ್ನು ಹಾಗೇ ಬಿಟ್ಟೆ. ನಕ್ಷೆಯನ್ನೂ ಬರೆದಿಡಲಿಲ್ಲ.

ಸದ್ದೇನೋ ಜೋರಾಯಿತು. “ಆದರೆ ಆ ಗಂಟೆಯ ದನಿ ಹೋಯಿತಲ್ಲಪ್ಪ” ಎಂದರು ಮೇಷ್ಟ್ರು. ನಾನು ನಕ್ಕು ಸುಮ್ಮನಾದೆ. ಅವರ ಕಿವಿಯೇ ಸರಿ. ಕಂಪನ ಚುರುಕಾದಷ್ಟೂ ಸುರುಳಿಗಳ ತಡೆ ಹೆಚ್ಚು. ಅಷ್ಟುದ್ದದ ಸಾಲನ್ನು ದಾಟುವಾಗ ದನಿಯ ಹೊಳಪು ಅಡಗಿಹೋಗುತ್ತದೆ. ಸದ್ದು ಬೇಕಿದ್ದರೆ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ್ದರೆ ಸಾಕಿತ್ತು!

ಕಳೆದ ವರ್ಷ ಮೇಷ್ಟ್ರ ಫೋನು ಬಂತು. ಪಿಯಾನೋ ಪೂರ್ತಿ ಮೂಕವಾಗಿತ್ತು. ಮಲ್ಟಿಮೀಟರ್ ಹಿಡಿದು ಒಂದೊಂದೇ ಸುರುಳಿ ನೋಡುತ್ತಾ ಹೋದರೆ, ಕೆಟ್ಟದ್ದು ಒಂದೇ ಒಂದು. ಮೊದಲಿನ ಜೋಡಣೆಯಾಗಿದ್ದರೆ ಜೊತೆಯ ಎರಡು ಸುರುಳಿಗಳು ದಾರಿ ಕೊಡುತ್ತಿದ್ದವು. ಒಂದು ಸ್ವರ ಹೋಗಿ ಉಳಿದವು ನುಡಿಯುತ್ತಿದ್ದವು. ಅಲ್ಲೊಂದು ತಂತಿ ಅಡ್ಡ ಬೆಸೆದು ಎದ್ದು ಬರಬಹುದಿತ್ತು. ಎಂಬತ್ತು ದಾಟಿದ ಮೇಷ್ಟ್ರು ಎದುರಿಗೇ ಕುಳಿತಿದ್ದರು. ಬೈಯಲಿಲ್ಲ. ನನ್ನಿಂದ ಏಳಲಾಗಲಿಲ್ಲ.

ಹಳೆಯ ಜೋಡಣೆ ಮರೆತೇ ಹೋಗಿತ್ತು. ನೆರವಾದದ್ದು ಅಂದು ಬಿಟ್ಟಿದ್ದ ಆ ಮೂರು ಗುಂಪುಗಳು! ಅವನ್ನು ನೋಡಿ ನೋಡಿ ಉಳಿದದ್ದನ್ನು ಬೆಸೆದೆ. ನಾಲ್ಕು ಭಾನುವಾರ ಹಿಡಿಯಿತು.

ಮೇಷ್ಟ್ರು ಒಂದು ಸ್ವರ ಒತ್ತಿ, ಅದು ಅಡಗುವವರೆಗೂ ಬೆರಳೆತ್ತದೆ ಕೇಳಿದರು. ಆಮೇಲೆ ಪಕ್ಕದ್ದನ್ನು ಒತ್ತಿದರು. ಒಂದು ಮನೆ ಮಾತ್ರ ಇನ್ನೂ ಮೂಕ. ಅದರ ಸುರುಳಿಯನ್ನು ಹೊಸದಾಗಿ ಸುತ್ತಬೇಕು. ತಂತಿ ಬಲು ತೆಳು, ಎರಡು ಸಲ ತುಂಡಾಗಿದೆ. ನಕ್ಷೆಯನ್ನಂತೂ ಬರೆದು ಮುಚ್ಚಳದ ಒಳಗೆ ಅಂಟಿಸಿ ಬಂದಿದ್ದೇನೆ.