ಆಟದ ಬಿಲ್ಲೆಗಳ ಯೋಗಕ್ಷೇಮ

ಯೋಗಕ್ಷೇಮವೆಂಬ ಶಬ್ದವನ್ನು ನಾವು ಕುಶಲಪ್ರಶ್ನೆಯಲ್ಲಿ ನಿತ್ಯವೂ ಬಳಸುತ್ತಿದ್ದರೂ, ಅದರೊಳಗೆ ಎರಡು ಅರ್ಥಗಳು ಅಡಗಿರುವದನ್ನು ಮರೆಯುತ್ತೇವೆ. ದೊರೆಯದಿದ್ದುದನ್ನು ದೊರಕಿಸಿಕೊಳ್ಳುವದು ಯೋಗ; ದೊರೆತುದನ್ನು ಕಾಪಾಡಿಕೊಳ್ಳುವದು ಕ್ಷೇಮ. ಈ ಕಾಲದ ಜನರಿಗೆ ಯೋಗದಲ್ಲಿರುವ ಉತ್ಸಾಹವು ಕ್ಷೇಮದಲ್ಲಿಲ್ಲ. ಮಕ್ಕಳ ವಿಡಿಯೋ ಆಟದ ಡಿಸ್ಕುಗಳೇ ಇದಕ್ಕೆ ಒಳ್ಳೆಯ ನಿದರ್ಶನ. ಕೊಳ್ಳುವಾಗ ಸಾವಿರಾರು ರೂಪಾಯಿ. ಕೊಂಡ ಮೇಲೆ ಮೇಜಿನ ಮೇಲಿನ ಧೂಳೇ ಅವುಗಳಿಗೆ ಹಾಸಿಗೆ!

ಖಾನಾಪುರದಲ್ಲಿರುವ ನಮ್ಮ ಹಂಚಿನ ಮನೆಯಲ್ಲಿ ಇಂಥ ಹದಿನಾಲ್ಕು ಡಿಸ್ಕುಗಳಿದ್ದವು. 2006 ರಿಂದ 2010 ರ ವರೆಗೆ ನನ್ನ ಹಿರಿಯ ಮಗನು ಹಬ್ಬದ ಕಾಣಿಕೆಯ ಹಣವನ್ನು ಕೂಡಿಸಿ, ಬೆಳಗಾವಿಯ ಪೇಟೆಯಲ್ಲಿ ಒಂದೊಂದಾಗಿ ಕೊಂಡು ತಂದವು ಅವು. ಈಗ ಅವನ ಮಗನು ರಜೆಗೆ ಬಂದಾಗ ಅದೇ ಹಳೆಯ ಪ್ಲೇಸ್ಟೇಷನ್ ಯಂತ್ರದ ಮುಂದೆ ಕುಳಿತು, “ಅಜ್ಜಾ, ಅಪ್ಪ ಸಣ್ಣವನಿದ್ದಾಗ ಸೋಲುತ್ತಿದ್ದದ್ದು ಇಲ್ಲಿಯೇ ಏನು?” ಎಂದು ಕೇಳುತ್ತಾನೆ. ತಂದೆಯ ಬಾಲ್ಯವನ್ನು ಮಗನು ಕೈಯಿಂದ ಮುಟ್ಟಿ ನೋಡುವ ಸಾಧನವು ಬೇರೆ ಯಾವದಿದೆ? 2019 ರ ಆಗಸ್ಟ್ ತಿಂಗಳ ಮಹಾವೃಷ್ಟಿಯಲ್ಲಿ ಹಂಚು ಸೋರಿ, ಅವುಗಳನ್ನಿಟ್ಟಿದ್ದ ಟ್ರಂಕಿನೊಳಗೆ ನೀರು ಹೊಕ್ಕಿತು. ಕಂಡವರೆಲ್ಲರೂ “ಕಸಕ್ಕೆ ಹಾಕಿರಿ” ಎಂದರು. ಮಗನು ಒಪ್ಪಲಿಲ್ಲ. ನಾವಿಬ್ಬರೂ ಕುಳಿತು ತೊಳೆದೊರೆಸಿ ಹನ್ನೆರಡನ್ನು ಬದುಕಿಸಿದೆವು. ಆಗ ಕಲಿತುದನ್ನೇ ಇಲ್ಲಿ ನಿವೇದಿಸುತ್ತೇನೆ.

ಡಿಸ್ಕು 12 ಸೆಂಟಿಮೀಟರು ಅಗಲದ, 1.2 ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಬಿಲ್ಲೆ. ಹೊಳೆಯುವ ಲೋಹದ ತೆಳುಪೊರೆಯ ಮೇಲಿನ ಸೂಕ್ಷ್ಮವಾದ ಕುಳಿಗಳೇ ಅದರ ಲಿಪಿ. ಲೇಸರ್ ಕಿರಣವೇ ಓದುಗ. ಸಿ.ಡಿ.ಯಲ್ಲಿ ಈ ಪೊರೆಯು ಹೆಸರು ಅಚ್ಚಾದ ಮೇಲುಬದಿಗೆ ತೀರ ಹತ್ತಿರವಿರುವದರಿಂದ, ಕೆಳಬದಿಗಿಂತ ಮೇಲುಬದಿಯ ಗೀರೇ ಪ್ರಾಣಾಂತಿಕವಾದುದು. ಡಿ.ವಿ.ಡಿ.ಯಲ್ಲಿ ಪೊರೆಯು ಎರಡು ಪದರಗಳ ನಡುವೆ ಸುರಕ್ಷಿತವಾಗಿದೆ. ಬ್ಲೂ-ರೇ ಡಿಸ್ಕಿನಲ್ಲಿಯಾದರೋ ಅದು ಕೆಳಬದಿಯಿಂದ ಕೇವಲ 0.1 ಮಿಲಿಮೀಟರು ಒಳಗಿದ್ದು, ಅದರ ಮೇಲೆ ಗಟ್ಟಿಯಾದ ಲೇಪವೊಂದೇ ಕವಚ. ಆದುದರಿಂದ ಹಲ್ಲಿನ ಪೇಸ್ಟಿನಿಂದ ತಿಕ್ಕುವ ಮನೆಮದ್ದು ಬ್ಲೂ-ರೇ ಡಿಸ್ಕಿಗೆ ಮದ್ದಲ್ಲ, ವಿಷ.

ಒರೆಸುವದಕ್ಕೂ ಒಂದು ಕ್ರಮವುಂಟು. ಮೆತ್ತನೆಯ ಅರಿವೆಯಿಂದ ನಡುರಂಧ್ರದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಗಾಣದಂತೆ ಸುತ್ತಿಸಬಾರದು. ಲಿಪಿಯು ಸುರುಳಿಯಾಗಿ ಬರೆಯಲ್ಪಟ್ಟಿರುವದರಿಂದ, ಅಡ್ಡಗೀರು ಬಿದ್ದರೆ ಪ್ರತಿ ಸುತ್ತಿನಲ್ಲಿ ತುಸು ಮಾತ್ರ ಅಳಿಯುತ್ತದೆ. ಯಂತ್ರವು ಅದನ್ನು ಗಣಿತದಿಂದ ತುಂಬಿಕೊಳ್ಳಬಲ್ಲದು. ಸುರುಳಿಯ ಗುಂಟ ಗೀರು ಬಿದ್ದರೆ ಸಾಲಿಗೆ ಸಾಲೇ ನಾಶ. ನೀರಿನಿಂದ ಹೋಗದ ಕೊಳೆಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸಾಕು. ಓಡುತ್ತಿರುವಾಗ ಯಂತ್ರವನ್ನು ಅಲುಗಿಸಬಾರದು. ನಮ್ಮ ಸಹ್ಯಾದ್ರಿಯ ಸೆರಗಿನ ಮಳೆನಾಡಿನಲ್ಲಿ ಬೂಷ್ಟೇ ದೊಡ್ಡ ಶತ್ರು. ಆದುದರಿಂದ ಡಿಸ್ಕುಗಳನ್ನು ಅವುಗಳ ಡಬ್ಬಿಯಲ್ಲಿಯೇ, ಪುಸ್ತಕಗಳಂತೆ ನಿಲ್ಲಿಸಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಯಲ್ಲಿಟ್ಟರೆ ಲೇಸು.

ಇಷ್ಟಾದರೂ ಕೆಟ್ಟುಹೋದುದಕ್ಕೆ ಏನು ಗತಿ? ಅನೇಕ ಆಟಗಳ ಕೈಪಿಡಿಯಲ್ಲಿ ಕೊಂಡ 90 ದಿನಗಳೊಳಗೆ ದೋಷ ಕಂಡರೆ ಬದಲಿ ಕೊಡುವ ಭರವಸೆ ಇರುತ್ತಿತ್ತು. ಆ ಅವಧಿ ಮೀರಿದ ಮೇಲೆ ಹಳೆಯ ಪ್ರತಿಯನ್ನು ಹುಡುಕಿ ಕೊಳ್ಳುವದೇ ಉಪಾಯ. ಪ್ಲೇಸ್ಟೇಷನ್ 2 ರಂಥ ಯಂತ್ರಗಳಿಗೆ ಡಿಸ್ಕು ಯಾವ ದೇಶವಿಭಾಗದ್ದೆಂದು ನೋಡಿ ಕೊಳ್ಳಬೇಕು. ಬೇರೆ ವಿಭಾಗದ್ದು ಓಡದು. ನಮ್ಮ 1957 ರ ಕೃತಿಸ್ವಾಮ್ಯ ಕಾಯದೆಯ 52 ನೆಯ ಕಲಮು, ನ್ಯಾಯವಾಗಿ ಪಡೆದ ಗಣಕಕ್ರಮವು ನಾಶವಾಗದಂತೆ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು ಅನುಮತಿಸುತ್ತದೆ. ಕ್ಷೇಮವನ್ನು ಶಾಸನವೂ ಮನ್ನಿಸಿದೆಯೆಂದು ನನಗೆ ಸಂತೋಷ. ಆದರೆ ಆಟದ ಯಂತ್ರಗಳು ಸಾಮಾನ್ಯವಾಗಿ ಇಂಥ ಪ್ರತಿಯನ್ನು ಒಪ್ಪುವದಿಲ್ಲ. ಆದುದರಿಂದ ಮೂಲವನ್ನು ಕಾಯುವದೇ ಮುಖ್ಯ.

“ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಕ್ಕುವಾಗ ಈ ಕಷ್ಟವೇಕೆ?” ಎಂದು ಕೆಲವರು ಕೇಳುವರು. ಅಲ್ಲಿ ಕೊಂಡುದನ್ನು ಸಾಮಾನ್ಯವಾಗಿ ಮಾರಲಿಕ್ಕಾಗದು. ಡಿಸ್ಕೂ ಸಂಪೂರ್ಣ ಅಭಯವಲ್ಲವೆಂಬುದು ನಿಜ: ‘ದ ಕ್ರೂ’ ಎಂಬ ಮೋಟಾರು ಓಟದ ಆಟದ ಸರ್ವರುಗಳನ್ನು 2024 ರ ಮಾರ್ಚ್ 31 ರಂದು ನಿಲ್ಲಿಸಿದಾಗ, ಡಿಸ್ಕು ಕೈಯಲ್ಲಿದ್ದವರಿಗೂ ಆಟವಿಲ್ಲದಾಯಿತು. ಆದುದರಿಂದ ಜಾಲದ ಹಂಗಿಲ್ಲದೆ ಆಡಬಹುದಾದುದೇ ಎಂದು ಮೊದಲೇ ವಿಚಾರಿಸಿ ಕೊಳ್ಳುವದು ವಿವೇಕ.

ಇದೇ ಖಾನಾಪುರ ತಾಲೂಕಿನ ಹಲಸಿಯು ಪ್ರಾಚೀನ ಪಲಾಶಿಕಾ ನಗರ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಸುಮಾರು 1500 ವರ್ಷಗಳ ಮೇಲೆಯೂ ಓದಲು ಬರುತ್ತದೆ. ಒಂದರ ಮೇಲೊಂದು ಇಟ್ಟರೂ ಅಕ್ಷರಗಳು ಸವೆಯದಿರಲೆಂದು ಅನೇಕ ತಾಮ್ರಪಟಗಳ ಅಂಚನ್ನು ತುಸು ಎತ್ತರಿಸುವ ರೂಢಿಯಿತ್ತು. ಡಿಸ್ಕಿನ ನಡುರಂಧ್ರದ ಸುತ್ತಲಿನ ಉಬ್ಬುಬಳೆಯೂ ಅದೇ ಯುಕ್ತಿಯದು. ಬರೆದವನು ಇಷ್ಟು ಜಾಗರೂಕತೆ ತೋರಿಸಿರುವಾಗ, ಪಡೆದವನು ತೋರಿಸದಿದ್ದರೆ ಹೇಗೆ? ಮಕ್ಕಳಿಗೆ ಆಟವನ್ನು ಕೊಡಿಸುವ ತಂದೆತಾಯಿಗಳು ಅದನ್ನು ಅಂಚಿನಿಂದ ಹಿಡಿಯುವದನ್ನೂ, ಆಡಿದ ಮೇಲೆ ಡಬ್ಬಿಗೆ ಸೇರಿಸುವದನ್ನೂ ಅದೇ ದಿನ ಕಲಿಸಲಿ. ಯೋಗವು ಹಣದಿಂದ ಸಾಧಿಸೀತು. ಕ್ಷೇಮವು ಅಭ್ಯಾಸದಿಂದಲೇ ಸಾಧಿಸತಕ್ಕುದು.